ಕಾರಿನ ತೂಕಡಿಕೆ ಎಚ್ಚರಿಕೆಯನ್ನು ಮಲೆನಾಡಿನ ದಾರಿಯಲ್ಲಿ ಬಳಸುವ ಬಗೆ

ರಾತ್ರಿ ಊಟ ಮುಗಿಸಿ ಹತ್ತು ಗಂಟೆಯ ಹೊತ್ತಿಗೆ ಬೆಂಗಳೂರನ್ನು ಬಿಟ್ಟು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ತೀರ್ಥಹಳ್ಳಿಯ ಕಡೆಗೋ ಸಾಗರದ ಕಡೆಗೋ ತಿರುಗಿ ಬೆಳಕು ಹರಿಯುವ ಹೊತ್ತಿಗೆ ಮನೆ ಮುಟ್ಟುವುದು ಮಲೆನಾಡಿನ ಅನೇಕ ಕುಟುಂಬಗಳ ರೂಢಿ. ಹಬ್ಬಕ್ಕೆ, ಮದುವೆಗೆ, ತಿಥಿಗೆ, ಅಡಿಕೆ ಕೊಯ್ಲಿನ ದಿನಗಳಿಗೆ ಹೀಗೆ ಬರುವವರ ಕಾರುಗಳಲ್ಲಿ ಈಚೆಗೆ ಒಂದು ಸೌಲಭ್ಯ ಕಾಣಿಸಿಕೊಳ್ಳುತ್ತಿದೆ. ಚಾಲಕನಿಗೆ ಜೊಂಪು ಹತ್ತುತ್ತಿದೆ ಎಂದು ಕಾರಿಗೆ ಅನ್ನಿಸಿದರೆ ಮೀಟರ್ ಇರುವ ಫಲಕದಲ್ಲಿ ಕಾಫಿ ಕಪ್ಪಿನ ಚಿತ್ರ ಮೂಡುತ್ತದೆ, ಟಿಣ್ ಎಂಬ ಸದ್ದು ಕೇಳಿಸುತ್ತದೆ, ಸ್ವಲ್ಪ ವಿಶ್ರಾಂತಿ ಪಡೆಯಿರಿ ಎಂಬ ಬರಹ ಬರುತ್ತದೆ. ಈ ಸಾಧನ ಜೀವ ಉಳಿಸಬಲ್ಲದು ಎಂದು ನಾನು ನಂಬಿದ್ದೇನೆ. ಆದರೆ ಅದು ಏನನ್ನು ನೋಡಿ ಈ ತೀರ್ಮಾನಕ್ಕೆ ಬರುತ್ತದೆ, ನಮ್ಮ ಕಡೆಯ ರಸ್ತೆಗಳಲ್ಲಿ ಎಲ್ಲಿ ಸುಮ್ಮನಾಗಿಬಿಡುತ್ತದೆ ಎಂಬುದನ್ನು ತಿಳಿಯದೆ ಬಳಸಿದರೆ, ಅದರ ಮೌನವನ್ನೇ ನಾವು ಎಚ್ಚರವಾಗಿರುವುದಕ್ಕೆ ಸಾಕ್ಷಿ ಎಂದುಕೊಳ್ಳುವ ಅಪಾಯವಿದೆ.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ

ಮೊದಲು ಮಾಡಬೇಕಾದ ಕೆಲಸ ಇದು. ಕಾರನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡು ಚಾಲಕನ ಸೀಟಿನಲ್ಲಿ ಕುಳಿತು, ನಿಮ್ಮ ಮುಖದ ಕಡೆಗೆ ತಿರುಗಿರುವ ಕ್ಯಾಮೆರಾ ಇದೆಯೇ ಎಂದು ಹುಡುಕಿರಿ. ಅದು ಸಾಮಾನ್ಯವಾಗಿ ಸ್ಟಿಯರಿಂಗ್ ಚಕ್ರದ ಹಿಂದಿನ ಕಂಬದ ಮೇಲೆ, ಮೀಟರ್ ಫಲಕದ ನೆತ್ತಿಯಲ್ಲಿ ಅಥವಾ ಮುಂಗಾಜಿನ ಪಕ್ಕದ ಕಂಬದಲ್ಲಿ ಕಪ್ಪು ಗಾಜಿನ ಸಣ್ಣ ಕಿಂಡಿಯಂತೆ ಇರುತ್ತದೆ. ಒಳಗನ್ನಡಿಯ ಹಿಂದೆ ಮುಂಗಾಜಿಗೆ ಅಂಟಿಕೊಂಡಿರುವ ಕ್ಯಾಮೆರಾ ಬೇರೆ. ಅದು ನೋಡುವುದು ರಸ್ತೆಯನ್ನು. ಮುಖ ನೋಡುವ ಕ್ಯಾಮೆರಾ ಇಲ್ಲದಿದ್ದರೂ ಕಾಫಿ ಕಪ್ಪಿನ ಸೌಲಭ್ಯ ಇದೆ ಎಂದಾದರೆ, ನಿಮ್ಮ ಕಾರು ನಿಮ್ಮ ಕಣ್ಣನ್ನು ನೋಡುತ್ತಿಲ್ಲ, ನಿಮ್ಮ ಕೈಯ ನಡೆಯನ್ನು ನೋಡಿ ಊಹಿಸುತ್ತಿದೆ ಎಂದು ತಿಳಿಯಬೇಕು. ಬಳಿಕ ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಈ ಸೌಲಭ್ಯದ ಪುಟವನ್ನು ತೆರೆದು ಎರಡು ಸಂಗತಿಗಳನ್ನು ಗುರುತು ಹಾಕಿಕೊಳ್ಳಿರಿ: ಎಷ್ಟು ವೇಗದ ಮೇಲೆ ಅದು ಕೆಲಸ ಆರಂಭಿಸುತ್ತದೆ, ಮತ್ತು ಯಾವ ಸಂದರ್ಭಗಳಲ್ಲಿ ಅದು ಸರಿಯಾಗಿ ಕೆಲಸ ಮಾಡದು. ಈ ಎರಡನೆಯದನ್ನು ಹೆಚ್ಚಿನವರು ಓದುವುದೇ ಇಲ್ಲ.

ಕೈಯನ್ನು ನೋಡಿ ಊಹಿಸುವ ಸಾಧನ

ಎಚ್ಚರವಾಗಿರುವ ಚಾಲಕನ ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನೇರವಾದ ರಸ್ತೆಯಲ್ಲಿಯೂ ಅದು ಸ್ಟಿಯರಿಂಗನ್ನು ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ ತಿದ್ದುತ್ತಲೇ ಇರುತ್ತದೆ. ಅದು ಅವನ ಗಮನಕ್ಕೂ ಬರುವುದಿಲ್ಲ. ಮಂಪರು ಕವಿಯುತ್ತಿದ್ದಂತೆ ಈ ಸಣ್ಣ ತಿದ್ದುಪಡಿಗಳು ನಿಲ್ಲುತ್ತವೆ. ಚಕ್ರ ಸ್ವಲ್ಪ ಹೊತ್ತು ಅಲುಗದೆ ಇರುತ್ತದೆ, ಕಾರು ನಿಧಾನವಾಗಿ ಒಂದು ಬದಿಗೆ ಸರಿಯುತ್ತದೆ, ಚಾಲಕ ಬೆಚ್ಚಿ ಒಮ್ಮೆಲೇ ಎಳೆದು ಸರಿಪಡಿಸುತ್ತಾನೆ. ಮೊದಲು ನಿಶ್ಚಲತೆ, ಆಮೇಲೆ ಝಟಕೆ: ಈ ಜೋಡಿ ಮತ್ತೆ ಮತ್ತೆ ಬರತೊಡಗಿದರೆ ಅದು ತೂಕಡಿಕೆಯ ಲಕ್ಷಣ.

ಇದನ್ನು ಅಳೆಯಲು ಕಾರಿಗೆ ಹೊಸ ಉಪಕರಣವೇನೂ ಬೇಕಾಗುವುದಿಲ್ಲ. ಕಾರು ಜಾರದಂತೆ ತಡೆಯುವ ಇಎಸ್‌ಪಿ ವ್ಯವಸ್ಥೆಗಾಗಿ ಸ್ಟಿಯರಿಂಗ್ ಎಷ್ಟು ಕೋನ ತಿರುಗಿದೆ ಎಂದು ಅಳೆಯುವ ಸೆನ್ಸರ್ ಮೊದಲೇ ಇರುತ್ತದೆ. ವಿದ್ಯುತ್ ಮೋಟಾರಿನ ಪವರ್ ಸ್ಟಿಯರಿಂಗ್ ಇದ್ದರೆ ಕೈ ಎಷ್ಟು ಬಲ ಹಾಕಿದೆ ಎಂಬುದೂ ತಿಳಿಯುತ್ತದೆ. ಪ್ರಯಾಣದ ಆರಂಭದ ಕೆಲವು ನಿಮಿಷಗಳಲ್ಲಿ ಕಂಪ್ಯೂಟರ್ ಆ ದಿನ ನೀವು ಹೇಗೆ ಓಡಿಸುತ್ತಿದ್ದೀರಿ ಎಂಬ ಮಾದರಿಯೊಂದನ್ನು ಮಾಡಿಕೊಂಡು, ಮುಂದಿನ ನಡೆಯನ್ನೆಲ್ಲ ಅದಕ್ಕೆ ಹೋಲಿಸುತ್ತ ಹೋಗುತ್ತದೆ. ಇದರ ಜೊತೆಗೆ ಹೊರಟು ಎಷ್ಟು ಹೊತ್ತಾಯಿತು, ಈಗ ಹಗಲೋ ರಾತ್ರಿಯೋ, ಇಂಡಿಕೇಟರ್ ಹಾಕಿದ್ದೀರೋ ಇಲ್ಲವೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂಡಿಕೇಟರ್ ಹಾಕಿ ಲಾರಿಯನ್ನು ಹಿಂದಿಕ್ಕುವುದು ಎಚ್ಚರದ ಕೆಲಸವಾದುದರಿಂದ ಆಗಿನ ತಿರುವನ್ನು ತಪ್ಪೆಂದು ಎಣಿಸುವುದಿಲ್ಲ. ಮರ್ಸಿಡಿಸ್ ಬೆನ್ಜ್ ಕಂಪನಿ 2009ರಲ್ಲಿ ತನ್ನ ಇ-ಕ್ಲಾಸ್ ಕಾರಿನಲ್ಲಿ ತಂದದ್ದು ಈ ಮಾದರಿಯನ್ನು. ಅದಕ್ಕೂ ಎರಡು ವರ್ಷ ಮೊದಲು ವೋಲ್ವೊ ಕಂಪನಿ ರಸ್ತೆ ನೋಡುವ ಕ್ಯಾಮೆರಾದಿಂದ ಬಿಳಿ ಗೆರೆಗಳ ನಡುವೆ ಕಾರು ಎಷ್ಟು ಓಲಾಡುತ್ತಿದೆ ಎಂದು ಅಳೆಯುವ ವಿಧಾನವನ್ನು ತಂದಿತ್ತು. ಇಂದಿನ ಹಲವು ಕಾರುಗಳಲ್ಲಿ ಈ ಎರಡೂ ಸೇರಿಕೊಂಡಿರುತ್ತವೆ.

ಆ ಜೋಡಿ ಲಕ್ಷಣವನ್ನು ನಾನು ಕಣ್ಣಾರೆ ನೋಡಿದ್ದು ಒಂದು ಚಳಿಗಾಲದ ರಾತ್ರಿ, ಭಾವನ ಕಾರಿನಲ್ಲಿ. ಕಡೂರು ದಾಟಿದ ಮೇಲೆ ಫಲಕದಲ್ಲಿ ಕಪ್ಪಿನ ಚಿತ್ರ ಬಂತು. ಅವರು ಸ್ಟಿಯರಿಂಗಿನ ಮೇಲಿದ್ದ ಗುಂಡಿಯನ್ನು ಒತ್ತಿ ಅದನ್ನು ಅಳಿಸಿದರು, ಏನೂ ಹೇಳಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಾನು ಅವರ ಕೈಯನ್ನೇ ಗಮನಿಸತೊಡಗಿದೆ. ಎಡಗೈ ಚಕ್ರದ ಕೆಳಗಿನ ಅಂಚಿಗೆ ಜಾರಿ ಅಲ್ಲಿಯೇ ತೂಗುತ್ತಿತ್ತು. ಚಕ್ರ ನಿಂತಂತೆ ನಿಂತಿತು. ಎಡಬದಿಯ ಬಿಳಿ ಗೆರೆ ಬಾನೆಟ್ಟಿನ ಕೆಳಗೆ ಸರಿಯುತ್ತ ಬಂತು. ಆಮೇಲೆ ಒಮ್ಮೆಲೇ ಬಲಕ್ಕೆ ಎಳೆತ. ಒಂದೆರಡು ಕಿಲೋಮೀಟರಿನೊಳಗೆ ಇದು ಮೂರು ಸಲ ಆಯಿತು. ನನ್ನ ಕಣ್ಣಿಗೆ ಕಾಣುವ ಮೊದಲೇ ಕಾರು ಅದನ್ನು ಎಣಿಸಿತ್ತು. ತರೀಕೆರೆಯ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅವರು ಇಪ್ಪತ್ತು ನಿಮಿಷ ಮಲಗಿದರು. ಅಂದು ಅಲ್ಲಿಯವರೆಗೆ ಸಾಧನ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು.

ಕಣ್ಣನ್ನು ನೋಡುವ ಸಾಧನ

ಮುಖದ ಕಡೆ ತಿರುಗಿದ ಕ್ಯಾಮೆರಾ ಇರುವ ಕಾರುಗಳಲ್ಲಿ ಲೆಕ್ಕ ಬೇರೆ. ಕ್ಯಾಮೆರಾದ ಪಕ್ಕದಲ್ಲಿಯೇ ಮನುಷ್ಯರ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚೆಲ್ಲುವ ಸಣ್ಣ ಎಲ್‌ಇಡಿಗಳಿರುತ್ತವೆ. ಆದ್ದರಿಂದ ಕಾರಿನೊಳಗೆ ಕತ್ತಲೆ ಕವಿದಿದ್ದರೂ ಮುಖ ಸ್ಪಷ್ಟವಾಗಿ ಸಿಗುತ್ತದೆ. ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿ ಚಿತ್ರದಲ್ಲಿ ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ಅಂಚುಗಳನ್ನು ಗುರುತಿಸಿ, ಅವುಗಳ ನಡುವಿನ ಎತ್ತರವನ್ನು ಕಣ್ಣಿನ ಅಗಲಕ್ಕೆ ಹೋಲಿಸಿ, ಕಣ್ಣು ಎಷ್ಟು ತೆರೆದಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಎಲ್ಲರ ಕಣ್ಣೂ ಒಂದೇ ಆಕಾರದಲ್ಲಿ ಇರುವುದಿಲ್ಲವಾದ್ದರಿಂದ ಇಲ್ಲಿಯೂ ಮೊದಲು ನಿಮ್ಮ ಸಹಜ ಸ್ಥಿತಿಯನ್ನು ಕಲಿತುಕೊಳ್ಳುತ್ತದೆ.

ಎಲ್ಲರೂ ಮಿಟುಕಿಸುತ್ತಾರೆ, ಸಹಜ ಮಿಟುಕು ಅರೆ ಸೆಕೆಂಡೂ ಹಿಡಿಯುವುದಿಲ್ಲ. ಜೊಂಪಿನ ಗುರುತು ಇರುವುದು ರೆಪ್ಪೆ ನಿಧಾನವಾಗಿ ಇಳಿದು, ಅಲ್ಲಿಯೇ ತಂಗಿ, ಪ್ರಯಾಸದಿಂದ ಮೇಲೇಳುವುದರಲ್ಲಿ. ಇದನ್ನು ಅಳೆಯಲು ಸಂಶೋಧಕರು 1990ರ ದಶಕದಿಂದ ಬಳಸುತ್ತಿರುವ ಅಳತೆಗೆ ಪರ್‌ಕ್ಲೋಸ್ ಎಂದು ಹೆಸರು. ಕಣ್ಣು ನೂರಕ್ಕೆ 80 ಪಾಲು ಅಥವಾ ಅದಕ್ಕಿಂತ ಹೆಚ್ಚು ಮುಚ್ಚಿದ ಸ್ಥಿತಿಯಲ್ಲಿ ಒಟ್ಟು ಸಮಯದ ಎಷ್ಟು ಪಾಲು ಕಳೆಯಿತು ಎಂಬುದೇ ಆ ಅಳತೆ. ಉದಾಹರಣೆಗೆ ಒಂದು ನಿಮಿಷದಲ್ಲಿ ಇಂಥ ಹೊತ್ತುಗಳೆಲ್ಲ ಸೇರಿ ಒಂಬತ್ತು ಸೆಕೆಂಡಾದರೆ ಅದು ಶೇಕಡಾ 15. ಒಂದೊಂದು ಮುಚ್ಚುವಿಕೆಯೂ ಚಿಕ್ಕದಾಗಿದ್ದು ಚಾಲಕನಿಗೆ ಅರಿವಾಗದೆ ಹೋದರೂ ಮೊತ್ತದಲ್ಲಿ ಅದು ಸಿಕ್ಕಿಬೀಳುತ್ತದೆ. ಇದರ ಜೊತೆಗೆ ಆಕಳಿಕೆ, ತಲೆ ವಾಲುವುದು, ದೃಷ್ಟಿ ರಸ್ತೆಯಿಂದ ಬೇರೆ ಕಡೆಗೆ ಹೋಗುವುದು ಇವನ್ನೂ ಕೆಲವು ಕಾರುಗಳು ನೋಡುತ್ತವೆ.

ಈ ಬಗೆಯ ಸಾಧನವಿದ್ದರೆ ಹೊರಡುವ ಮೊದಲು ಸೀಟಿನ ಎತ್ತರವನ್ನೂ ಸ್ಟಿಯರಿಂಗಿನ ಎತ್ತರವನ್ನೂ ಹೊಂದಿಸಿಕೊಂಡು, ಕ್ಯಾಮೆರಾಕ್ಕೂ ಕಣ್ಣಿಗೂ ನಡುವೆ ಚಕ್ರದ ಅಂಚಾಗಲಿ ಕೈಯಾಗಲಿ ಅಡ್ಡ ಬರದಂತೆ ನೋಡಿಕೊಳ್ಳಬೇಕು. ಕ್ಯಾಮೆರಾದ ಕಿಂಡಿಯನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು. ಬೇಸಿಗೆಯ ಧೂಳು, ಮಳೆಗಾಲದಲ್ಲಿ ಒಳಗೆ ಕಟ್ಟುವ ಆವಿ ಎರಡೂ ಅದಕ್ಕೆ ತೊಡಕು. ಮೀಟರ್ ಫಲಕದ ಮುಂದೆ ದೇವರ ಚಿಕ್ಕ ಮೂರ್ತಿಯನ್ನೋ ಮೊಬೈಲ್ ಸ್ಟ್ಯಾಂಡನ್ನೋ ಇಡುವವರು ಅದು ಕಿಂಡಿಗೆ ಮರೆಯಾಗದಂತೆ ಪಕ್ಕಕ್ಕೆ ಇಡಬೇಕು. ತಂಪು ಕನ್ನಡಕಗಳಲ್ಲಿ ಕೆಲವು ಅವಕೆಂಪು ಬೆಳಕನ್ನು ಒಳಗೆ ಬಿಡುತ್ತವೆ, ಕೆಲವು ತಡೆಯುತ್ತವೆ. ನಿಮ್ಮ ಕನ್ನಡಕ ಹಾಕಿದಾಗ ಮುಖ ಕಾಣುತ್ತಿಲ್ಲ ಎಂಬ ಸೂಚನೆ ಬಂದರೆ ಕನ್ನಡಕವನ್ನು ಬದಲಿಸಿರಿ. ಎಂದಿಗೂ ಮಾಡಬಾರದ ಕೆಲಸವೊಂದಿದೆ: ಸಾಧನ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಓಡುವ ಕಾರಿನಲ್ಲಿ ಬೇಕೆಂದೇ ಕಣ್ಣು ಮುಚ್ಚುವುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿನಲ್ಲಿ ಹತ್ತಿರ ಹತ್ತಿರ 90 ಮೀಟರ್ ಹೋಗಿಬಿಡುತ್ತದೆ.

ಘಟ್ಟದ ದಾರಿಯಲ್ಲಿ ಅದು ಸುಮ್ಮನಾಗುವುದು ಏಕೆ

ಇಂಥ ಸಾಧನಗಳನ್ನು ಮುಖ್ಯವಾಗಿ ಹೆದ್ದಾರಿಯ ಏಕತಾನದ ಓಟವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದಾರೆ. 2022ರ ಜುಲೈನಿಂದ ಹೊಸ ಮಾದರಿಯ ವಾಹನಗಳಿಗೂ 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ವಾಹನಗಳಿಗೂ ಇದನ್ನು ಕಡ್ಡಾಯ ಮಾಡಿರುವ ಐರೋಪ್ಯ ಒಕ್ಕೂಟದ ನಿಯಮವೂ ಗಂಟೆಗೆ 70 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಸಾಧನ ಎಚ್ಚರವಾಗಿರಬೇಕು ಎಂದಷ್ಟೇ ಕೇಳುತ್ತದೆ. ಮರ್ಸಿಡಿಸ್‌ನ ಮೊದಲ ಮಾದರಿ ಕೆಲಸ ಮಾಡುತ್ತಿದ್ದುದು 80 ಕಿಲೋಮೀಟರಿನ ಮೇಲೆ. ನಮ್ಮಲ್ಲಿಯೂ ಬಸ್ಸು ಮತ್ತು ಲಾರಿಗಳಂಥ ದೊಡ್ಡ ವಾಹನಗಳಿಗೆ ಇದನ್ನು ಕಡ್ಡಾಯ ಮಾಡುವ ಕರಡು ಅಧಿಸೂಚನೆಯನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿತು.

ಈಗ ಶಿವಮೊಗ್ಗದಿಂದ ಮುಂದಿನ ದಾರಿಯನ್ನು ನೆನಪಿಗೆ ತಂದುಕೊಳ್ಳಿರಿ. ಗಾಜನೂರು, ಮಂಡಗದ್ದೆಯ ತುಂಗಾ ತೀರದ ತಿರುವುಗಳಲ್ಲಿ, ಹೊಸನಗರದಿಂದ ಹುಲಿಕಲ್ ಘಾಟಿಯ ಕಡೆಗೆ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹಿಮ್ಮುರಿ ತಿರುವುಗಳಲ್ಲಿ 70ರ ಮೇಲೆ ಯಾರೂ ಓಡಿಸುವುದಿಲ್ಲ, ಓಡಿಸಲೂ ಬಾರದು. ಅಂದರೆ ಸ್ಟಿಯರಿಂಗ್ ನೋಡುವ ಸಾಧನದ ಪಾಲಿಗೆ ಆ ದಾರಿ ಇಲ್ಲವೇ ಇಲ್ಲ. ವೇಗ ಸಾಕಷ್ಟಿದ್ದರೂ ಕೈ ಸದಾ ತಿರುವುಗಳನ್ನು ಬಳಸುವುದರಲ್ಲಿಯೇ ಇರುವಾಗ ಆ ಕೂದಲೆಳೆಯ ತಿದ್ದುಪಡಿಗಳು ದೊಡ್ಡ ತಿರುಗಾಟಗಳಲ್ಲಿ ಮುಳುಗಿಹೋಗುತ್ತವೆ. ಗುಂಡಿಗಳನ್ನು ತಪ್ಪಿಸಲು ಮಾಡಿದ ಎಳೆತವೂ ಬೆಚ್ಚಿಬಿದ್ದು ಮಾಡಿದ ಎಳೆತವೂ ಸೆನ್ಸರಿಗೆ ಒಂದೇ ತರಹ ಕಾಣಬಹುದು. ಬಿಳಿ ಗೆರೆಯನ್ನು ನಂಬಿದ ಸಾಧನಕ್ಕಂತೂ ಆಷಾಢದ ಮಳೆಯಲ್ಲಿ, ಮಂಜಿನಲ್ಲಿ, ಗೆರೆಯೇ ಅಳಿಸಿಹೋದ ಊರ ರಸ್ತೆಗಳಲ್ಲಿ ನೋಡಲು ಏನೂ ಉಳಿಯುವುದಿಲ್ಲ. ಕೈಪಿಡಿಗಳು ಈ ಸಾಧನ ಸರಿಯಾಗಿ ಕೆಲಸ ಮಾಡದ ಸಂದರ್ಭಗಳೆಂದು ಪಟ್ಟಿ ಮಾಡುವ ಕೆಟ್ಟ ರಸ್ತೆ, ಬಲವಾದ ಅಡ್ಡಗಾಳಿ, ಹೆಚ್ಚು ತಿರುವುಗಳು, ಕಡಿಮೆ ವೇಗ ಇವೆಲ್ಲವೂ ಒಟ್ಟಾಗಿ ಸಿಗುವ ನಾಡು ನಮ್ಮದು. ಕಣ್ಣು ನೋಡುವ ಕ್ಯಾಮೆರಾ ಇಲ್ಲಿ ಹೆಚ್ಚು ಉಪಯುಕ್ತ, ಏಕೆಂದರೆ ಅದಕ್ಕೆ ರಸ್ತೆಯ ಹಂಗಿಲ್ಲ. ಆದರೆ ಅದೂ ಎಷ್ಟು ವೇಗದಿಂದ ಆರಂಭವಾಗುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಲೇಬೇಕು.

ಇನ್ನೊಂದು ಕಡೆಯಿಂದ ದೇಹದ ಗಡಿಯಾರವೂ ಇದೇ ಹೊತ್ತಿಗೆ ಸೋಲುತ್ತದೆ. ಮನುಷ್ಯನ ದೇಹದಲ್ಲಿ ನಿದ್ದೆಯ ಒತ್ತಡ ತೀರ ಹೆಚ್ಚಾಗುವುದು ನಸುಕಿನ ಎರಡರಿಂದ ಆರು ಗಂಟೆಯವರೆಗೆ. ಮಧ್ಯಾಹ್ನ ಊಟದ ನಂತರ ಎರಡರಿಂದ ನಾಲ್ಕರವರೆಗೆ ಇನ್ನೊಂದು ಚಿಕ್ಕ ಇಳಿತವಿದೆ. ಹತ್ತಕ್ಕೆ ಬೆಂಗಳೂರು ಬಿಟ್ಟವನು ಸುಮಾರು ಮುನ್ನೂರು ಕಿಲೋಮೀಟರ್ ದಾಟಿ ಶಿವಮೊಗ್ಗದ ಆಚೆ ಕಾಡಿನ ದಾರಿಗೆ ಇಳಿಯುವುದು ಸರಿಯಾಗಿ ಆ ಇಳಿತದ ನಡುವಿನಲ್ಲಿ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಹೊರಟಿದ್ದರೆ ಆ ಹೊತ್ತಿಗೆ ಅವನು ಎದ್ದು ಇಪ್ಪತ್ತು ಗಂಟೆಯಾಗಿರುತ್ತದೆ. ಹದಿನೇಳು ಗಂಟೆ ಎಚ್ಚರವಿದ್ದವರ ಕೈಕಣ್ಣಿನ ಚುರುಕು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿಯೇ ಪ್ರಕಟವಾದ ಅಧ್ಯಯನ ತೋರಿಸಿದೆ. ನಮ್ಮ ಕಾನೂನು ಚಾಲಕರಿಗೆ ಹಾಕಿರುವ ಮಿತಿ 0.03. ಕುಡಿದು ಓಡಿಸುವವನನ್ನು ತಡೆಯುವ ಮನೆಮಂದಿ ನಿದ್ದೆಗೆಟ್ಟು ಓಡಿಸುವವನನ್ನು ‘ಹುಷಾರಾಗಿ ಹೋಗಿ ಬಾ’ ಎಂದು ಕಳಿಸಿಕೊಡುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಅದೇ ರಾತ್ರಿ ಶಿವಮೊಗ್ಗ ದಾಟಿದ ಮೇಲೆ ಭಾವನ ಕಾರಿನ ಫಲಕದಲ್ಲಿ ಯಾವ ಚಿತ್ರವೂ ಬರಲಿಲ್ಲ. ವೇಗ ಐವತ್ತರ ಆಸುಪಾಸಿನಲ್ಲಿತ್ತು, ಹೊಳೆಯ ಕಡೆಯಿಂದ ಮಂಜು ಏರುತ್ತಿತ್ತು. ಅವರು ನೆಟ್ಟಗೆ ಕುಳಿತಿದ್ದರು, ಕಣ್ಣೂ ತೆರೆದೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ‘ಸಕ್ರೆಬೈಲು ಬಂತೇನೋ?’ ಎಂದು ಕೇಳಿದರು. ಆನೆ ಬಿಡಾರದ ಫಲಕವನ್ನು ನಾವು ದಾಟಿ ಹತ್ತು ನಿಮಿಷವಾಗಿತ್ತು. ‘ಭಾವ, ಮಂಡಗದ್ದೆಯಲ್ಲಿ ನಿಲ್ಲಿಸಿ, ಮುಂದೆ ನಾನು ತಗೊಳ್ತೀನಿ’ ಎಂದೆ. ಬೆಂಗಳೂರಿನಿಂದ ಅರಸೀಕೆರೆಯವರೆಗೆ ನಾನು ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಬಂದಿದ್ದೆ. ಅವರು ಮರುಮಾತಿಲ್ಲದೆ ಇಳಿದರು.

ದಾಟಿ ಬಂದ ಊರು ನೆನಪಿಲ್ಲದಿರುವುದು ಯಾವ ಸೆನ್ಸರಿಗೂ ಕಾಣದ, ಆದರೆ ಪಕ್ಕದಲ್ಲಿ ಕುಳಿತವರಿಗೆ ಸುಲಭವಾಗಿ ಸಿಗುವ ಗುರುತು. ಆದ್ದರಿಂದ ಇಂಥ ದಾರಿಯಲ್ಲಿ ಮುಂದಿನ ಸೀಟಿನವರು ಮಲಗಬಾರದು. ಆಗಾಗ ಹಿಂದೆ ಹೋದ ಸೇತುವೆಯ ಬಗ್ಗೆಯೋ ತಿರುವಿನ ಬಗ್ಗೆಯೋ ಕೇಳುತ್ತಿರಬೇಕು. ಉತ್ತರ ತಡವಾಗಿ ಬಂದರೆ, ತಪ್ಪಾಗಿ ಬಂದರೆ, ಎಚ್ಚರಿಕೆ ಬಂತೆಂದೇ ತಿಳಿಯಬೇಕು.

ಒಬ್ಬರೇ ಇದ್ದರೆ ನಿಮ್ಮನ್ನು ನೀವೇ ಅಳೆಯಲು ಒಂದು ಮಾಪನವಿದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಕರೋಲಿನ್ಸ್ಕಾ ಮಾಪನದಲ್ಲಿ ಒಂದರಿಂದ ಒಂಬತ್ತರವರೆಗೆ ಹಂತಗಳಿದ್ದು, ಐರೋಪ್ಯ ನಿಯಮವೂ ಸಾಧನಗಳನ್ನು ಇದರಿಂದಲೇ ಒರೆಗೆ ಹಚ್ಚುತ್ತದೆ. ಏಳನೆಯ ಹಂತದಲ್ಲಿ ನಿದ್ದೆ ಬರುತ್ತಿದೆ, ಆದರೆ ಎಚ್ಚರವಿರಲು ಪ್ರಯಾಸವಿಲ್ಲ. ಎಂಟನೆಯದರಲ್ಲಿ ಎಚ್ಚರವಿರಲು ಸ್ವಲ್ಪ ಪ್ರಯಾಸ ಬೇಕು. ಒಂಬತ್ತನೆಯದರಲ್ಲಿ ನಿದ್ದೆಯೊಡನೆ ಗುದ್ದಾಡುತ್ತಿರುತ್ತೀರಿ. ಸಾಧನ ಎಚ್ಚರಿಸಲೇಬೇಕಾದದ್ದು ಎಂಟರಲ್ಲಿ. ಹಾಗಾದರೆ ಕಿಟಕಿ ಇಳಿಸಿ ತಣ್ಣನೆಯ ಗಾಳಿಗೆ ಮುಖವೊಡ್ಡಿದ್ದು, ಹಾಡಿನ ಸದ್ದು ಏರಿಸಿದ್ದು, ಕೆನ್ನೆಗೆ ಹೊಡೆದುಕೊಂಡದ್ದು, ಎಲೆಅಡಿಕೆ ಹಾಕಿಕೊಂಡದ್ದು ಇವೆಲ್ಲ ಏನು? ಅವೇ ಆ ಪ್ರಯಾಸ. ಅಂಥ ಯಾವ ಉಪಾಯಕ್ಕೆ ಕೈ ಹೋದರೂ ನೀವು ಎಂಟನೆಯ ಹಂತದಲ್ಲಿ ಇದ್ದೀರಿ, ಕಾಫಿ ಕಪ್ಪು ಬಂದಿರಲಿ ಬಾರದಿರಲಿ.

ಎಚ್ಚರಿಕೆ ಬಂದಾಗ

ಗುಂಡಿ ಒತ್ತಿ ಅಳಿಸುವ ಮೊದಲು ಎಲ್ಲಿ ನಿಲ್ಲಿಸುತ್ತೇನೆ ಎಂದು ತೀರ್ಮಾನಿಸಿರಿ. ಹೆದ್ದಾರಿಯ ಅಂಚಿನಲ್ಲಿ, ತಿರುವಿನಲ್ಲಿ, ಮಂಜಿನಲ್ಲಿ ನಿಲ್ಲಿಸಬಾರದು. ಬೆಳಕಿರುವ ಪೆಟ್ರೋಲ್ ಬಂಕು, ಹೋಟೆಲಿನ ಅಂಗಳ, ಬಸ್ ನಿಲ್ದಾಣದ ಬಳಿ ಸೂಕ್ತ. ಆ ಜಾಗದವರೆಗೆ ಮಾತಾಡುತ್ತ, ವೇಗ ಇಳಿಸಿಕೊಂಡು ಹೋಗಬೇಕು. ನಿಲ್ಲಿಸಿದ ಕೂಡಲೇ ಒಂದು ಲೋಟ ಗಟ್ಟಿ ಕಾಫಿ ಕುಡಿದು, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಸೀಟು ಹಿಂದಕ್ಕೆ ಒರಗಿಸಿ ಮಲಗಿರಿ. ಕಾಫಿ ಕುಡಿದು ಮಲಗುವುದು ವಿಚಿತ್ರವೆನ್ನಿಸಬಹುದು, ಆದರೆ ಕೆಫೀನ್ ಮೆದುಳನ್ನು ಮುಟ್ಟಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುವುದರಿಂದ ನೀವು ಏಳುವ ಹೊತ್ತಿಗೆ ನಿದ್ದೆಯ ಲಾಭವೂ ಕಾಫಿಯ ಲಾಭವೂ ಒಟ್ಟಿಗೆ ಸಿಗುತ್ತವೆ. ಅದಕ್ಕಿಂತ ಹೆಚ್ಚು ಹೊತ್ತು ಮಲಗಿದರೆ ಗಾಢ ನಿದ್ದೆಗೆ ಇಳಿದು, ಎದ್ದ ಮೇಲೆ ತಲೆ ಭಾರವಾಗಿರುತ್ತದೆ. ಹಾಗೆ ಎದ್ದವರು ಹತ್ತು ಹದಿನೈದು ನಿಮಿಷ ಓಡಾಡಿ, ಮುಖ ತೊಳೆದು, ಪೂರ್ಣ ಎಚ್ಚರವಾದ ಮೇಲೆಯೇ ಸ್ಟಿಯರಿಂಗ್ ಹಿಡಿಯಬೇಕು. ಮಲಗುವಾಗ ಎಂಜಿನ್ ನಿಲ್ಲಿಸಿರಬೇಕು, ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚದೆ ಒಂದೆರಡು ಬೆರಳಿನಷ್ಟು ಇಳಿಸಿರಬೇಕು. ಎಂಜಿನ್ ಚಾಲೂ ಇಟ್ಟುಕೊಂಡು ಮಲಗುವುದು ವಿಷಾನಿಲದ ಅಪಾಯವಿರುವ ಕೆಲಸ.

ಮಳೆಗಾಲದ ಶೀತಕ್ಕೆಂದು ಸೆಟಿರಿಜಿನ್, ಕ್ಲೋರ್‌ಫೆನಿರಮೈನ್ ಮೊದಲಾದ ನಿದ್ದೆ ತರುವ ಮಾತ್ರೆ ತೆಗೆದುಕೊಂಡ ದಿನ ರಾತ್ರಿ ಓಡಿಸಬೇಡಿರಿ. ಸಾಕಷ್ಟು ಮಲಗಿದ ದಿನವೂ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದ್ದು, ಮನೆಯವರು ನಿಮ್ಮ ಜೋರಾದ ಗೊರಕೆ ನಡುವೆ ಉಸಿರು ಕಟ್ಟಿದಂತೆ ನಿಲ್ಲುತ್ತದೆ ಎಂದು ಹೇಳುತ್ತಿದ್ದರೆ ವೈದ್ಯರಿಗೆ ತೋರಿಸಿರಿ. ಅದು ಚಿಕಿತ್ಸೆಯಿರುವ ಕಾಯಿಲೆ.

ಹಳೆಯ ಕಾರಿನವರು ಕಿವಿಗೆ ಸಿಕ್ಕಿಸಿಕೊಳ್ಳುವ ಅಗ್ಗದ ಸಾಧನವನ್ನು ಕೊಳ್ಳುವುದುಂಟು. ತಲೆ ಮುಂದಕ್ಕೆ ವಾಲಿದಾಗ ಅದು ಕೂಗುತ್ತದೆ. ಆದರೆ ತಲೆ ವಾಲುವ ಹೊತ್ತಿಗೆ ಕಣ್ಣು ಎಷ್ಟೋ ಸಲ ಮುಚ್ಚಿ ತೆರೆದಾಗಿರುತ್ತದೆ. ಘಟ್ಟದ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿಯೂ ಮೂರು ಸೆಕೆಂಡಿಗೆ 33 ಮೀಟರ್ ಸಾಗುವ ಕಾರಿಗೆ ಅಷ್ಟು ತಡವಾದ ಕೂಗು ಸಾಲದು. ಕೊಳ್ಳುವುದೇ ಆದರೆ ಅವಕೆಂಪು ಬೆಳಕಿನಲ್ಲಿ ಕಣ್ಣು ನೋಡುವ ಕ್ಯಾಮೆರಾವನ್ನೇ ಕೊಂಡು, ದೃಷ್ಟಿಗೆ ಅಡ್ಡಿಯಾಗದಂತೆ, ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗ ಬಿಟ್ಟು ಕೂರಿಸಬೇಕು.

ಮಲಗೆದ್ದು ಮತ್ತೆ ಹೊರಡುವಾಗ ಒಂದು ಸಂಗತಿ ನೆನಪಿರಲಿ. ಎಂಜಿನ್ ಆರಿಸಿ, ಚಾಲಕನ ಬಾಗಿಲು ತೆರೆದು ಇಳಿದರೆ ಹೆಚ್ಚಿನ ಕಾರುಗಳು ಅಲ್ಲಿಯವರೆಗಿನ ಲೆಕ್ಕವನ್ನು ಅಳಿಸಿ ಹೊಸದಾಗಿ ಆರಂಭಿಸುತ್ತವೆ. ನೀವು ನಿಜವಾಗಿ ಮಲಗಿದಿರೋ, ಬರಿದೆ ಬಾಗಿಲು ತೆರೆದು ಮುಚ್ಚಿದಿರೋ ಎಂಬುದು ಅವಕ್ಕೆ ತಿಳಿಯದು. ಕೈಯ ನಡೆಯನ್ನು ನೋಡುವ ಕಾರಾದರೆ ಮುಂದಿನ ಹತ್ತು ಹದಿನೈದು ನಿಮಿಷಗಳಲ್ಲಿ ನಿಮ್ಮ ಕೈ ಹೇಗೆ ನಡೆಯುತ್ತದೋ ಅದನ್ನೇ ಎಚ್ಚರದ ಮಾದರಿ ಎಂದು ಕಲಿತುಬಿಡುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಅರೆನಿದ್ದೆಯಲ್ಲಿ ಇರದಂತೆ ನೋಡಿಕೊಳ್ಳಿರಿ. ಇನ್ನೂ ಜೊಂಪು ಉಳಿದಿದ್ದರೆ ಬಂಕಿನಲ್ಲಿಯೇ ಇನ್ನೊಂದು ಇಪ್ಪತ್ತು ನಿಮಿಷ ಮಲಗಿರಿ, ಇಲ್ಲವೇ ಬೆಳಗಾಗುವವರೆಗೆ ಅಲ್ಲಿಯೇ ಇದ್ದು ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ತಿಳಿಸಿರಿ.